ಬೇಲಿ ಬದಿಯ ಔಷಧಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಬೆಳೆಯ ಹುಳು, ರೋಗಕ್ಕೆ ಹೊಡೆಯುವ ಕಷಾಯದ್ದೇ. ಬೇವು, ಲಕ್ಕಿ, ಎಕ್ಕ, ತುಳಸಿ, ಹೊಗೆಸೊಪ್ಪು, ಬಜೆ ಎಲ್ಲವೂ ಬಂದಿವೆ. ಕೆಲವರು ನಾಲ್ಕು ಪುಟ ಬರೆದಿದ್ದಾರೆ, ಕೆಲವರದ್ದು "ಹುಳ ಬಿದ್ದಿದೆ, ಏನು ಹೊಡೀಲಿ" ಎಂಬ ಒಂದೇ ಸಾಲು. ಎರಡನೆಯವರಿಗೆ ಮೊದಲು ಒಂದು ಮಾತು. ನಮ್ಮಪ್ಪ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನಾಟಿ ಔಷಧಿ ಕೊಡುತ್ತಿದ್ದವರು. ಯಾರಾದರೂ ಬಂದು "ಮಗೀಗೆ ಹೊಟ್ಟೆನೋವು, ಏನಾದ್ರೂ ಕೊಡಿ" ಅಂದರೆ "ಮಗೂನ ಕರ್ಕೊಂಡು ಬಾ, ಆಮೇಲೆ ಬೇರು ಕೀಳ್ತೀನಿ" ಅನ್ನೋರು. ನನ್ನದೂ ಅದೇ ಹಟ. ಯಾವ ಬೆಳೆ, ಎಷ್ಟು ದಿನದ ಪೈರು, ಹುಳು ಎಲೆ ಮೇಲಿದೆಯೋ ಅಡಿಯಲ್ಲಿದೆಯೋ, ಕೊರೆಯುವುದೋ ರಸ ಹೀರುವುದೋ ಬರೆಯಿರಿ. ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಪ್ರ: ಎರಡೆಕರೆ ಮೆಕ್ಕೆಜೋಳ, ಇಪ್ಪತ್ತೈದು ದಿನದ ಪೈರು. ಸುಳಿಯಲ್ಲಿ ಸೈನಿಕ ಹುಳು ಸೇರಿಕೊಂಡಿದೆ. ಬೇವಿನ ಸೊಪ್ಪು ಕುದಿಸಿ, ಸೋಸಿ ಹೊಡೆದೆ. ಮಾರನೇ ದಿನ ನೋಡಿದರೆ ಹುಳು ಆರಾಮಾಗಿ ಮೇಯುತ್ತಿದೆ. ಬೇವು ಕೆಲಸ ಮಾಡುತ್ತದೆ ಎನ್ನುವುದು ಬರೀ ಬೊಗಳೆಯೇ? (ಹೊನ್ನಾಳಿಯಿಂದ)

ಬೊಗಳೆಯಲ್ಲ. ಆದರೆ ನೀವು ಸೊಪ್ಪು ಹಾಕಿದ್ದು, ಅದನ್ನು ಕುದಿಸಿದ್ದು, ಮಾರನೇ ದಿನವೇ ಹೆಣ ಎಣಿಸಲು ಹೋದದ್ದು, ಮೂರೂ ಬೇವಿಗೆ ಒಗ್ಗುವಂಥವಲ್ಲ.

ಹುಳುವಿಗೆ ತಾಗುವ ಮುಖ್ಯ ಅಂಶದ ಹೆಸರು ಅಜಾಡಿರಾಕ್ಟಿನ್. ಸೊಪ್ಪಿನಲ್ಲಿ ಅದು ಅಲ್ಪಸ್ವಲ್ಪ, ಬೀಜದೊಳಗಿನ ತಿರುಳಿನಲ್ಲಿ ಹೆಚ್ಚು. ಬಿಸಿಲು, ಬೆಂಕಿ ಎರಡೂ ಅದಕ್ಕೆ ಆಗುವುದಿಲ್ಲ. ಅದು ಹುಳುವಿನ ನರಕ್ಕೆ ಹೊಡೆದು ಅಲ್ಲೇ ಕೆಡಹುವ ವಿಷವಲ್ಲ. ಮೊದಲು ಬಾಯಿರುಚಿ ಕೆಡಿಸುತ್ತದೆ, ಹುಳು ತಿನ್ನುವುದು ಕಮ್ಮಿಯಾಗುತ್ತದೆ. ಅಷ್ಟಿಷ್ಟು ತಿಂದ ಹುಳುವಿಗೆ ಪೊರೆ ಬಿಡುವ ಹೊತ್ತಿಗೆ ಬೇಕಾದ ಹಾರ್ಮೋನಿನ ಲೆಕ್ಕ ತಪ್ಪುತ್ತದೆ. ಪೊರೆ ಅರ್ಧ ಕಳಚಿ ಅರ್ಧ ಉಳಿದು ಒದ್ದಾಡಿ ಸಾಯುತ್ತದೆ, ಇಲ್ಲವೇ ಕೋಶಕ್ಕೆ ಹೋಗಲಾರದೆ ಸೊರಗುತ್ತದೆ. ಇದಕ್ಕೆಲ್ಲ ನಾಲ್ಕೈದು ದಿನವಾದರೂ ಬೇಕು. ಹಾಗಾಗಿ ಸತ್ತ ಹುಳು ಹುಡುಕುವುದಕ್ಕಿಂತ ಹೊಸದಾಗಿ ಬಿಚ್ಚಿದ ಸುಳಿ ಎಲೆಯಲ್ಲಿ ತೂತು ಕಮ್ಮಿಯಾಗಿದೆಯೇ, ಹಿಕ್ಕೆ ಹಸಿಯಾಗಿದೆಯೋ ಒಣಗಿದೆಯೋ ಎಂದು ನೋಡಿ.

ಈಗ ನಿಮ್ಮ ಹುಳುವಿನ ವಿಚಾರ. ಇದು ಅಮೆರಿಕ ಖಂಡದ ಪ್ರಾಣಿ. 2016ರಲ್ಲಿ ಆಫ್ರಿಕಕ್ಕೆ ಬಂತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ನಿಮ್ಮ ಪಕ್ಕದ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರದಂಥ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ ಇದ್ದರೆ ಅದೇ. ಮರಿಯಿಂದ ಕೋಶದವರೆಗೆ ಆರು ಹಂತ ದಾಟುತ್ತದೆ. ಮೊದಲೆರಡು ಹಂತದಲ್ಲಿ ಎಲೆಯ ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ, ಎಲೆಯ ಮೇಲೆ ಗಾಜಿನ ಕಿಟಕಿಯಂಥ ಬಿಳಿ ಮಚ್ಚೆ ಕಾಣುತ್ತದೆ. ಬೇವಿಗೆ ಸರಿಯಾದ ಹೊತ್ತು ಅದು. ಆಮೇಲೆ ಸುಳಿಯೊಳಗೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಂಡು ಕೂತ ದೊಡ್ಡ ಹುಳುವಿಗೆ ಕಷಾಯ ತಲುಪುವುದೇ ಕಷ್ಟ. ಪೈರು ಹುಟ್ಟಿ ಹತ್ತು ದಿನದಿಂದಲೇ ಬೆಳಗಿನ ಹೊತ್ತು ಸಾಲಿನಲ್ಲಿ ನಡೆಯುತ್ತಾ ಎಲೆಯ ಮೇಲೆ ನೂಲಿನಂಥ ಕೂದಲು ಹೊದ್ದ ಮೊಟ್ಟೆಗುಂಪು ಸಿಕ್ಕಿದರೆ ಬೆರಳಲ್ಲೇ ಹೊಸಕಿ ಹಾಕಿ. ಒಂದು ಗುಂಪಿನಲ್ಲಿ ನೂರಿನ್ನೂರು ಮೊಟ್ಟೆ ಇರುತ್ತವೆ. ಯಾವ ಕಷಾಯವೂ ಇಷ್ಟು ಅಗ್ಗಕ್ಕೆ ಇಷ್ಟು ಹುಳು ಕೊಲ್ಲುವುದಿಲ್ಲ.

ಕಷಾಯ ಮಾಡುವ ಬಗೆ ಹೀಗಿದೆ. ಒಣಗಿದ ಬೇವಿನ ಬೀಜದ ಸಿಪ್ಪೆ ಒಡೆದು 5 ಕೆ.ಜಿ. ತಿರುಳು ತೆಗೆಯಿರಿ. ಒರಳಲ್ಲಿ ತರಿತರಿಯಾಗಿ ಕುಟ್ಟಿ. ತೀರಾ ನುಣ್ಣಗೆ ಮಾಡಿದರೆ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತದೆ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ 10 ಲೀಟರ್ ತಣ್ಣೀರಲ್ಲಿ ನೆನೆಹಾಕಿ. ಬೆಳಿಗ್ಗೆ ಗಂಟನ್ನು ಹಿಂಡುತ್ತಾ ಹೋಗಿ, ಹಾಲಿನಂಥ ರಸ ಬರುವುದು ನಿಲ್ಲುವವರೆಗೆ. ಎರಡು ಸಲ ಸೋಸಿ 100 ಲೀಟರ್ ನೀರು ಮಾಡಿ. 200 ಗ್ರಾಂ ಸಾಬೂನು ಪುಡಿಯನ್ನೋ, ಅಂಟುವಾಳಕಾಯಿ ಕಿವುಚಿದ ನೀರನ್ನೋ ಬೆರೆಸಿ. ಇಲ್ಲದಿದ್ದರೆ ಮೆಕ್ಕೆಜೋಳದ ಎಲೆ ಮೇಲೆ ಹನಿ ನಿಲ್ಲುವುದಿಲ್ಲ. ಇಷ್ಟು ಮಾಡಿದರೆ ಶೇ. 5ರ ಕಷಾಯ. ಅವತ್ತೇ ಖಾಲಿ ಮಾಡಿ, ನಾಳೆಗೆ ಇಡಬೇಡಿ. ಹೊಡೆಯುವುದು ಬಿಸಿಲು ಇಳಿದ ಮೇಲೆ. ಹುಳು ರಾತ್ರಿ ಮೇಯಲು ಬರುತ್ತದೆ, ಜೇನು ಅಷ್ಟೊತ್ತಿಗೆ ಗೂಡು ಸೇರಿರುತ್ತದೆ, ಔಷಧಿಗೂ ಬಿಸಿಲಿಲ್ಲ. ನಾಜಲ್ಲನ್ನು ಸುಳಿಯೊಳಕ್ಕೆ ಬಗ್ಗಿಸಿ ಹಿಡಿಯಬೇಕು.

ನಿಮ್ಮ ಹೊಲದಲ್ಲಿ ಹುಳು ಈಗಾಗಲೇ ಬಲಿತಿರುವಂತಿದೆ. ಅದಕ್ಕೆ ಬೇವಿಗಿಂತ ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರದ ಪುಡಿ ಮೇಲು, ಹಳಬರು ನೊಮೂರಿಯಾ ಎನ್ನುತ್ತಾರೆ. ಮೋಡ ಮುಚ್ಚಿದ, ತಂಪು ವಾತಾವರಣ ಇದ್ದರೆ ಹುಳುವಿನ ಮೈಮೇಲೆ ಬೂಸ್ಟು ಬೆಳೆದು ಗಟ್ಟಿಯಾಗಿ ಎಲೆಗೆ ಅಂಟಿಕೊಂಡು ಸಾಯುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅರ್ಧಕ್ಕರ್ಧ ಗಿಡದ ಸುಳಿ ಹೋಗಿದ್ದರೆ ಮಾತ್ರ ಕಷಾಯ ಹಿಡಿದು ಕೂರಬೇಡಿ. ಅವರು ಏನು ಹೇಳುತ್ತಾರೋ ಅದನ್ನು ಮಾಡಿ ಈ ಬೆಳೆ ಉಳಿಸಿಕೊಳ್ಳಿ. ಬೇವನ್ನು ಮುಂದಿನ ಬಿತ್ತನೆಗೆ ಮೊದಲ ದಿನದಿಂದ ಯೋಜಿಸಿ.

ಒಂದು ವಿಷಯ ಹೇಳದೆ ಇರಲಾರೆ. ಈ ಅಜಾಡಿರಾಕ್ಟಿನ್ ಎಷ್ಟು ಸಿಕ್ಕುಸಿಕ್ಕಾದ ಅಣು ಎಂದರೆ ಕೇಂಬ್ರಿಜ್‌ನ ರಸಾಯನಶಾಸ್ತ್ರಜ್ಞರು ಅದನ್ನು ಪ್ರಯೋಗಾಲಯದಲ್ಲಿ ಕಟ್ಟಲು 22 ವರ್ಷ ಹಿಡಿಯಿತು. 2007ರಲ್ಲಿ ಗೆದ್ದರು. ನಮ್ಮ ಬದುವಿನ ಮರ ಅದನ್ನು ಪ್ರತಿ ಆಷಾಢಕ್ಕೆ ಸದ್ದಿಲ್ಲದೆ ಉದುರಿಸುತ್ತದೆ, ನಾವು ತುಳಿದುಕೊಂಡು ಓಡಾಡುತ್ತೇವೆ.

ಪ್ರ: ಎರಡು ವರ್ಷದ ಹಿಂದೆ ಆರಿಸಿಟ್ಟ ಬೇವಿನ ಬೀಜ ಪ್ಲಾಸ್ಟಿಕ್ ಚೀಲದಲ್ಲಿದೆ. ದಾಳಿಂಬೆಗೆ ಬಳಸಬಹುದೇ? ನಮ್ಮ ಬೋರಿನ ನೀರು ಸವಳು. (ಕುಷ್ಟಗಿಯಿಂದ)

ಒಂದು ಬೀಜ ಒಡೆದು ನೋಡಿ. ತಿರುಳು ಹಸಿರು ಮಿಶ್ರಿತವಾಗಿ, ಎಣ್ಣೆ ಹೊಳಪಿದ್ದು, ಬಾಯಿಗಿಟ್ಟರೆ ಕಿವಿವರೆಗೆ ಕಹಿ ಏರಬೇಕು. ಕಂದಿ ಕಪ್ಪಾಗಿದ್ದರೆ, ಬೂಸ್ಟು ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿ. ಆರಿಸಿದ ಮೂರು ತಿಂಗಳ ನಂತರ, ಎಂಟು ಹತ್ತು ತಿಂಗಳ ಒಳಗೆ ಬಳಸಿದ ಬೀಜವೇ ಬೀಜ. ಎರಡು ವರ್ಷದ್ದರಿಂದ ಏನೂ ನಿರೀಕ್ಷೆ ಬೇಡ. ಮುಂದಿನ ಸಲ ಹಣ್ಣು ಉದುರಿದ ದಿನವೇ ಆರಿಸಿ, ಕಿವುಚಿ ತೊಳೆದು, ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ಗಾಳಿಯಾಡುವಂತೆ ಇಡಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಬೂಸ್ಟು ಬರುತ್ತದೆ.

ಸವಳು ನೀರಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಯಾರೂ ಕೇಳುವುದಿಲ್ಲ. ಬೇವಿನ ಅಂಶ ತುಸು ಹುಳಿ ನೀರಿನಲ್ಲಿ ನಿಲ್ಲುತ್ತದೆ, ಕ್ಷಾರದಲ್ಲಿ ಬೇಗ ಮುರಿಯುತ್ತದೆ. ನಿಮ್ಮ ಕಡೆಯ ಎಷ್ಟೋ ಬೋರಿನ ನೀರಿನಲ್ಲಿ ರಸಸಾರ (ಪಿಎಚ್) ಎಂಟರ ಮೇಲೆ. ಮಳೆನೀರು ಹಿಡಿದಿಟ್ಟಿದ್ದರೆ ಅದರಲ್ಲಿ ಮಾಡಿ. ಇಲ್ಲವೇ ರಸಸಾರ ನೋಡುವ ಕಾಗದ ತಂದು, ನಿಂಬೆರಸವನ್ನೋ ವಿನೆಗರನ್ನೋ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಆರರ ಹತ್ತಿರಕ್ಕೆ ಇಳಿಸಿಕೊಂಡು, ಆಮೇಲೆ ರಸ ಸೇರಿಸಿ. ದಾಳಿಂಬೆಗೆ ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಹೊಡೆಯುವವರು ಅದೇ ಡ್ರಮ್ಮಿಗೆ ಬೇವನ್ನೂ ಸುರಿಯುವುದು ಕಂಡಿದ್ದೇನೆ. ಬೋರ್ಡೊದಲ್ಲಿ ಸುಣ್ಣ ಇದೆ. ಅಲ್ಲಿಗೆ ಬೇವು ಮುಗಿಯಿತು.

ಪ್ರ: ಅಡಿಕೆ ತೋಟ ಪೂರ್ತಿ ಸಾವಯವ ಮಾಡಬೇಕೆಂದಿದ್ದೇನೆ. ಕೊಳೆರೋಗಕ್ಕೆ ಬೋರ್ಡೊ ಬಿಟ್ಟು ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಗೋಮೂತ್ರದ ಕಷಾಯ ಸಾಕೆಂದು ನೆಂಟರೊಬ್ಬರು ಹೇಳುತ್ತಾರೆ. ಧೈರ್ಯ ಮಾಡಲೇ? (ಸಿದ್ದಾಪುರ, ಉತ್ತರ ಕನ್ನಡದಿಂದ)

ಮಾಡಬೇಡಿ. ನೆಂಟರ ತೋಟ ಬಯಲುಸೀಮೆಯಲ್ಲಿದೆ ಎಂದು ನನಗೆ ಅನುಮಾನ. ನಿಮ್ಮದು ಘಟ್ಟದ ಮಳೆ.

ಕೊಳೆ ತರುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು. ನೀರಿನಲ್ಲಿ ಈಜುವ ಬೀಜಕಣ ಅದರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಳೆಯಲ್ಲಿ ಗೊನೆಯಿಂದ ಗೊನೆಗೆ ಹಾರುತ್ತದೆ. ಅದನ್ನು ತಡೆಯಬೇಕಾದ ಔಷಧಿಗೆ ಒಂದೇ ಅರ್ಹತೆ ಇರಬೇಕು: ಮಳೆಗೆ ತೊಳೆದುಹೋಗದೆ ಕಾಯಿಗೆ ಅಂಟಿಕೊಂಡಿರುವುದು. ಸೊಪ್ಪಿನ ಕಷಾಯಕ್ಕೆ ಅದೊಂದು ಬರುವುದಿಲ್ಲ. ಬೆಳ್ಳುಳ್ಳಿ ರಸ ಬಟ್ಟಲಲ್ಲಿ ಶಿಲೀಂಧ್ರ ತಡೆದೀತು, ಆರಿದ್ರಾ ಮಳೆಯಲ್ಲಿ ಗೊನೆ ಮೇಲೆ ಒಂದು ದಿನ ಉಳಿಯದು.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೊದಲು ಕೈಹಾಕಿದ ಕೆಲಸಗಳಲ್ಲಿ ಇದೂ ಒಂದು. ಅದಕ್ಕೆ ಮುಂಚೆ ಮಲೆನಾಡಿನವರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು, ಗೊನೆಗೆ ಹುಲ್ಲಿನ ಟೊಪ್ಪಿಗೆ ಹಾಕಿ ಮಳೆನೀರು ಬೀಳದಂತೆ ಕಾಯುವುದು. ಕೋಲ್ಮನ್ ಫ್ರಾನ್ಸಿನ ದ್ರಾಕ್ಷಿತೋಟದ ಬೋರ್ಡೊವನ್ನು ಅಡಿಕೆಮರಕ್ಕೆ ಹತ್ತಿಸಿದರು. ನೂರು ವರ್ಷ ಕಳೆದರೂ ಅದನ್ನು ಇಳಿಸುವಂಥದ್ದು ಬೇಲಿ ಬದಿಯಲ್ಲಿ ನನಗೆ ಸಿಕ್ಕಿಲ್ಲ. ನಾಟಿ ವೈದ್ಯರ ಮಗಳೇ ಹೀಗೆ ಹೇಳುತ್ತಿದ್ದಾಳೆ ಎಂದು ನಿಮ್ಮ ನೆಂಟರಿಗೆ ತಿಳಿಸಿ.

ಸಾವಯವ ಪ್ರಮಾಣಪತ್ರಕ್ಕೆ ಹೆದರಬೇಕಿಲ್ಲ. ತಾಮ್ರದ ಔಷಧಿಯನ್ನು ಮಿತಿಯೊಳಗೆ, ಪ್ರಮಾಣೀಕರಿಸುವವರಿಗೆ ತಿಳಿಸಿ ಬಳಸಲು ಅವಕಾಶ ಇದೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಬೇಡ. ಹೊಳೆಯುವ ಚೂರಿ ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ತಾಮ್ರ ಮಣ್ಣಿನಲ್ಲಿ ಕೂರುತ್ತದೆ, ಕರಗಿ ಹೋಗುವುದಿಲ್ಲ. ಆದ್ದರಿಂದ ಉದುರಿದ ಕೊಳೆಕಾಯಿ ಆರಿಸುವುದು, ಬಸಿಗಾಲುವೆ ಬಿಡಿಸುವುದು ಇವನ್ನು ಮಾಡಿ ಮೂರನೇ ಸಿಂಪಡಣೆ ತಪ್ಪಿಸಿಕೊಳ್ಳಿ. ಲಕ್ಕಿ ಸೊಪ್ಪು ತೋಟಕ್ಕೆ ಬೇಕೇ ಬೇಕೆಂದರೆ ಹಸಿರೆಲೆ ಗೊಬ್ಬರವಾಗಿ ಬುಡಕ್ಕೆ ಹಾಕಿ, ಬಹಳ ಒಳ್ಳೆಯದು.

ಪ್ರ: ಕೃಷ್ಣತುಳಸಿ ಜಜ್ಜಿ ನೀರಿನ ಬಾಟಲಿಯಲ್ಲಿಟ್ಟರೆ ಹಣ್ಣುನೊಣ ಬೀಳುತ್ತದೆ ಎಂದು ಓದಿ ಹಾಗಲಕಾಯಿ ಚಪ್ಪರದಲ್ಲಿ ಕಟ್ಟಿದೆ. ಒಂದು ನೊಣವೂ ಬೀಳಲಿಲ್ಲ. ತುಳಸಿ ಸರಿಯಿಲ್ಲವೇ? (ಮಾಲೂರಿನಿಂದ)

ತುಳಸಿ ಸರಿಯಿದೆ, ನೊಣ ಬೇರೆ. ಮಾವು, ಸೀಬೆಗೆ ಬೀಳುವ ಹಣ್ಣುನೊಣದ ಗಂಡುಗಳಿಗೆ ಮೀಥೈಲ್ ಯೂಜಿನಾಲ್ ಎಂದರೆ ಹುಚ್ಚು. ಅದು ತುಳಸಿಯಲ್ಲಿದೆ. ಹಾಗಲ, ಹೀರೆ, ಸೌತೆ, ಕುಂಬಳಕ್ಕೆ ಚುಚ್ಚುವುದು ಅದರ ದಾಯಾದಿ. ಅದಕ್ಕೆ ಈ ವಾಸನೆ ಬೇಕಿಲ್ಲ, ಕ್ಯೂ-ಲ್ಯೂರ್ ಎಂಬ ಬೇರೆ ಆಕರ್ಷಕ ಬೇಕು. ಕ್ಯೂ-ಲ್ಯೂರ್ ಮೋಹಕ ಬಲೆ ಎಂದು ಕೇಳಿಯೇ ತನ್ನಿ. ಎರಡು ಬಲೆಯ ಡಬ್ಬಿ ಒಂದೇ ಥರ ಇರುತ್ತದೆ, ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ.

ಬಲೆಗೆ ಬೀಳುವುದು ಗಂಡು ಮಾತ್ರ, ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು. ಆದ್ದರಿಂದ ಹೂ ಬಿಡುವ ಹೊತ್ತಿಗೇ ಬಲೆ ಕಟ್ಟಿರಬೇಕು. ಚುಚ್ಚಿದ, ಸೊಟ್ಟಗಾದ, ಉದುರಿದ ಕಾಯಿಯನ್ನು ಚಪ್ಪರದಡಿ ಬಿಟ್ಟರೆ ಹುಳು ಹೊರಬಂದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ದಿನಾ ಆರಿಸಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ. ಎಳೆಕಾಯಿಗೆ ಹಳೇ ಪೇಪರಿನ ಕೊಳವೆ ತೊಡಿಸುವ ತಾಳ್ಮೆ ಇದ್ದರೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ತುಳಸಿ ಬಾಟಲಿಯನ್ನು ಪಕ್ಕದ ಮಾವಿನ ತೋಪಿಗೆ ಕೊಟ್ಟುಬಿಡಿ. ಆದರೆ ತುಳಸಿಯಿಂದ ತುಳಸಿಗೆ ವಾಸನೆಯ ಬಲ ಬೇರೆ ಬೇರೆ, ಎಲೆ ಎರಡು ಮೂರು ದಿನಕ್ಕೆ ಸಪ್ಪೆಯಾಗುತ್ತದೆ. ಎಕರೆಗಟ್ಟಲೆ ಮಾವು ಇರುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮರದ ತುಂಡಿನ ಬಲೆ ತರುವುದೇ ಲಾಭ.

ಪ್ರ: ಟೊಮೆಟೊ ನುಸಿಗೆ, ಹೇನಿಗೆ ಹೊಗೆಸೊಪ್ಪಿನ ಕಷಾಯ ಬಲವಾದದ್ದು ಅನ್ನುತ್ತಾರೆ. ಸಸ್ಯಜನ್ಯ ಆದ್ದರಿಂದ ಬರಿಗೈಯಲ್ಲೇ ಹಿಂಡಬಹುದಲ್ಲವೇ? (ಅರಕಲಗೂಡಿನಿಂದ)

ಖಂಡಿತಾ ಬೇಡ. ಬಲವಾದದ್ದು ಹೌದು, ನಿಮಗೂ ಅಷ್ಟೇ ಬಲವಾದದ್ದು. ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ನಿಮ್ಮ ಪಕ್ಕದ ಪಿರಿಯಾಪಟ್ಟಣ, ಹುಣಸೂರು ಕಡೆ ಒದ್ದೆ ಹೊಗೆಸೊಪ್ಪು ಮುರಿಯುವ ಹೆಂಗಸರಿಗೆ ತಲೆಸುತ್ತು, ವಾಂತಿ ಏಕೆ ಬರುತ್ತದೆ ಕೇಳಿ ನೋಡಿ. ಎಲೆ ಮೇಲಿನ ಇಬ್ಬನಿಯಲ್ಲಿ ಕರಗಿದ್ದಷ್ಟೇ ಅಷ್ಟು ಮಾಡಿದರೆ, ರಾತ್ರಿಯಿಡೀ ನೆನೆದ ಗಂಟು ಹಿಂಡುವ ಕೈಗೆ ಏನಾದೀತು?

ಟೊಮೆಟೊಗಂತೂ ಇನ್ನೊಂದು ಕೇಡಿದೆ. ಹೊಗೆಸೊಪ್ಪು, ಟೊಮೆಟೊ, ಮೆಣಸಿನಕಾಯಿ, ಬದನೆ ಒಂದೇ ಕುಲ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಸಾಯದೆ ಇರುತ್ತದೆ. ತಣ್ಣೀರಲ್ಲಿ ನೆನೆಸಿ ಹೊಡೆದರೆ ಹೇನು ಓಡಿಸಲು ಹೋಗಿ ಮಚ್ಚೆರೋಗ ಬಿತ್ತಿದಂತೆ. ಬೀಡಿ ಸೇದಿದ ಕೈಯಲ್ಲಿ ಸಸಿ ಮುಟ್ಟಬೇಡಿ ಎಂದು ನರ್ಸರಿಯವರು ಹೇಳುವುದು ಇದಕ್ಕೇ. ಜೊತೆಗೆ ಹೊಗೆಸೊಪ್ಪು ಹೇನನ್ನೂ ಕೊಲ್ಲುತ್ತದೆ, ಹೇನು ತಿನ್ನುವ ಗುಲಗಂಜಿ ಹುಳುವನ್ನೂ ಕೊಲ್ಲುತ್ತದೆ. ಹೇನಿಗೆ ಬೇವಿನೆಣ್ಣೆಯೇ ಸಾಕು. ಲೀಟರಿಗೆ 3ರಿಂದ 5 ಮಿ.ಲೀ., ಸಾಬೂನು ನೀರಿನಲ್ಲಿ ಬೆಳ್ಳಗೆ ಕದಡುವಂತೆ ಬೆರೆಸಿ, ಎಲೆಯ ಅಡಿಗೆ ಬೀಳುವಂತೆ ಹೊಡೆಯಿರಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ, ಎಲೆ ಸುಡುತ್ತದೆ.

ಸಸ್ಯಜನ್ಯ ಎಂದರೆ ಸಾಧು ಎಂಬ ಭ್ರಮೆ ನಿಮಗೊಬ್ಬರಿಗಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕರಿಗುಡ್ಡೆ ಊದಿ ದೃಷ್ಟಿ ಮಂಜಾಗುತ್ತದೆ. ಸೀತಾಫಲದ ಬೀಜ ಕುಟ್ಟುವಾಗ ಪುಡಿ ಕಣ್ಣಿಗೆ ಹಾರಿ ಆಸ್ಪತ್ರೆ ಸೇರಿದವರನ್ನು ನಮ್ಮಪ್ಪನ ಜಗಲಿಯಲ್ಲೇ ನೋಡಿದ್ದೇನೆ. ಅಪ್ಪ ಅಂಥವರನ್ನು ಮುಟ್ಟದೆ ಸೀದಾ ಡಾಕ್ಟರ ಹತ್ತಿರ ಅಟ್ಟೋರು. ಉಮ್ಮತ್ತಿ, ಕಣಗಿಲೆ ಇವೆರಡನ್ನು ಕಷಾಯದ ಪಟ್ಟಿಯಿಂದ ತೆಗೆದೇಬಿಡಿ. ಉಮ್ಮತ್ತಿ ನೆತ್ತಿಗೇರುತ್ತದೆ, ಕಣಗಿಲೆ ಎದೆಗೆ ಹೊಡೆಯುತ್ತದೆ. ಉಳಿದವಕ್ಕೆ ಕೈಗವಸು, ಕನ್ನಡಕ, ಮೂಗಿಗೆ ಬಟ್ಟೆ. ಕಷಾಯದ ಪಾತ್ರೆ ಅಡುಗೆಮನೆಗೆ ವಾಪಸು ಬರಕೂಡದು.

ಪ್ರ: ದಶಪರ್ಣಿ ಕಷಾಯಕ್ಕೆ ಹತ್ತು ಬಗೆಯ ಸೊಪ್ಪು ಸಿಗುತ್ತಿಲ್ಲ. ಏಳೇ ಹಾಕಿದರೆ ಫಲ ಕಮ್ಮಿಯೇ? (ಚಳ್ಳಕೆರೆಯಿಂದ)

ಹತ್ತು ಎಂಬುದು ಶಾಸ್ತ್ರವಲ್ಲ. ಬೇವು, ಲಕ್ಕಿ, ಹೊಂಗೆ, ಸೀತಾಫಲ, ಎಕ್ಕ, ಈ ಐದಿದ್ದರೆ ಅದರ ಜೀವ ಅಲ್ಲಿದೆ. ದಾಸವಾಳ, ಮಾವಿನ ಎಲೆ ಎಂದು ಸೇರಿಸುವುದೆಲ್ಲ ಲೆಕ್ಕ ತುಂಬಿಸಲು ಎಂದೇ ನನ್ನ ಅಭಿಪ್ರಾಯ, ಒಪ್ಪದವರು ಬರೆಯಿರಿ.

ನನಗೆ ದಶಪರ್ಣಿಯ ಬಗ್ಗೆ ಒಂದು ತಕರಾರಿದೆ. ಸಗಣಿ, ಗಂಜಲ ಹಾಕಿ ತಿಂಗಳುಗಟ್ಟಲೆ ಕೊಳೆಸಿದ ಮೇಲೆ ಅದರಲ್ಲಿ ಯಾವ ಅಂಶ ಎಷ್ಟು ಉಳಿದಿದೆ ಎಂದು ಡ್ರಮ್ಮಿನಿಂದ ಡ್ರಮ್ಮಿಗೆ ವ್ಯತ್ಯಾಸ. ಹೊಡೆದ ವಾರಕ್ಕೆ ಪೈರು ಕಡುಹಸಿರಾಗಿ ನಗುತ್ತದೆ, ರೈತರು ಹುಳುವಿನ ಕಾಟ ಹೋಯಿತು ಎನ್ನುತ್ತಾರೆ. ಅದರಲ್ಲಿ ದೊಡ್ಡ ಪಾಲು ಗಂಜಲದ ಸಾರಜನಕದ್ದು. ಯೂರಿಯ ನೀರು ಹೊಡೆದರೂ ಹಾಗೇ ಹಸಿರಾಗುತ್ತಿತ್ತು. ಹುಳು ನಿಜಕ್ಕೂ ಕಮ್ಮಿಯಾಯಿತೇ ಎಂದು ತಿಳಿಯಬೇಕಾದರೆ ನಾಲ್ಕು ಸಾಲು ಹೊಡೆಯದೆ ಬಿಡಿ, ಎರಡು ಕಡೆಯೂ ಹುಳು ಎಣಿಸಿ. ಸೊಪ್ಪಿನ ವಾಸನೆಗೆ ರಸ ಹೀರುವ ಹುಳುಗಳು ಹಿಂಜರಿಯುವುದು ನಾನೂ ಕಂಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಕಾಯಿಕೊರಕ ಒಳಗೆ ಹೊಕ್ಕ ಮೇಲೆ ಹೊಡೆದು ಪವಾಡ ಕಾಯುವುದು ಬೇಡ. ಎಕರೆಗೆ 200 ಲೀಟರ್ ನೀರಿಗೆ 6ರಿಂದ 8 ಲೀಟರ್ ಮೀರಬೇಡಿ, ಮೊದಲು ಹತ್ತು ಗಿಡಕ್ಕೆ ಹೊಡೆದು ಎರಡು ದಿನ ನೋಡಿ.

ಪ್ರ: ಹೆಸರು, ಅಲಸಂದೆ ಬಿತ್ತನೆ ಬೀಜಕ್ಕೆ ಕುಟ್ಟೆ ಬೀಳುತ್ತಿದೆ. ಹುಳು ಸಾಯಿಸುವ ವಿಷದ ಮಾತ್ರೆ ಇಡದೆ ಕಾಪಾಡುವುದು ಹೇಗೆ? (ಮಧುಗಿರಿಯಿಂದ)

ನಿಮ್ಮ ನೆರೆಯ ಕೊರಟಗೆರೆಯಲ್ಲಿ ಗದ್ದೆಗಟ್ಟಲೆ ಬಜೆ ಬೆಳೆಯುತ್ತಾರೆ, ನೀವು ಮಾತ್ರೆಯ ಮಾತಾಡುತ್ತೀರಿ! ಒಣಬಜೆಯ ಬೇರನ್ನು ಪುಡಿ ಮಾಡಿ ಕೆ.ಜಿ. ಬೀಜಕ್ಕೆ 10 ಗ್ರಾಂ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಅದರಲ್ಲಿರುವ ಅಸರೋನ್ ಎಂಬ ಅಂಶ ಕುಟ್ಟೆ ಹುಳುವಿನ ಸಂತಾನವನ್ನೇ ಕೆಡಿಸುತ್ತದೆ. ಆದರೆ ಇದು ಬಿತ್ತನೆ ಬೀಜಕ್ಕೆ ಮಾತ್ರ. ಉಣ್ಣುವ ಕಾಳಿಗೆ ಬೆರೆಸಬೇಡಿ. ಮಗುವಿನ ನಾಲಿಗೆಗೆ ಬಜೆ ತೇಯ್ದು ನೆಕ್ಕಿಸುವ ನಾವು ಇದನ್ನು ಕೇಳಿ ಹುಬ್ಬೇರಿಸುತ್ತೇವೆ, ಆದರೆ ಅದೇ ಅಸರೋನ್ ಪ್ರಾಣಿಗಳಲ್ಲಿ ಗಡ್ಡೆ ತರುತ್ತದೆ ಎಂದು ಅಮೆರಿಕದವರು 1968ರಲ್ಲೇ ಬಜೆಯನ್ನು ಆಹಾರದಿಂದ ಹೊರಗಿಟ್ಟರು.

ಉಣ್ಣುವ ಕಾಳಿಗೆ ಹರಳೆಣ್ಣೆ ಸವರಿ, ಅಥವಾ ತೊಗರಿಗೆ ನಮ್ಮ ಅಜ್ಜಿಯರ ಹಾಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ. ಹುಳು ಕಾಳಿನ ಮೇಲೆ ಮೊಟ್ಟೆ ಅಂಟಿಸಲು ಜಾಗ ಸಿಗಬಾರದು. ಇನ್ನೊಂದು, ಕುಟ್ಟೆ ಹುಟ್ಟುವುದು ನಿಮ್ಮ ಕಣಜದಲ್ಲಲ್ಲ, ಹೊಲದಲ್ಲಿ. ಕಾಯಿ ಒಣಗುವಾಗಲೇ ಮೊಟ್ಟೆ ಇಟ್ಟಿರುತ್ತದೆ. ಒಕ್ಕಣೆಯಾದ ಕೂಡಲೇ ಕಾಳು ಹಲ್ಲಿಗೆ ಕಟುಂ ಎನ್ನುವವರೆಗೆ ಬಿಸಿಲಿಗೆ ಹಾಕಿ. ಒದ್ದೆ ಕಾಳಿಗೆ ಬೇವು, ಹೊಂಗೆ, ಲಕ್ಕಿ ಯಾವ ಸೊಪ್ಪು ಮುಚ್ಚಿದರೂ ಅದು ಕೊಳೆಯುತ್ತದೆ ಅಷ್ಟೆ.

ಪ್ರ: ಕೃಷಿ ಪದವಿ ಓದುತ್ತಿದ್ದೇನೆ. ಗಿಡಮರಗಳ ಹಳೆಯ ವೈದ್ಯಶಾಸ್ತ್ರವಾದ ವೃಕ್ಷಾಯುರ್ವೇದದಲ್ಲಿ ಎಲ್ಲ ಕೀಟರೋಗಗಳಿಗೂ ಮದ್ದಿದೆ, ನಾವು ಮರೆತಿದ್ದೇವೆ ಎಂದು ಭಾಷಣಗಳಲ್ಲಿ ಕೇಳುತ್ತೇನೆ. ನಿಮ್ಮ ಅಭಿಪ್ರಾಯ? (ಧಾರವಾಡದಿಂದ)

ಮರೆತಿದ್ದು ನಿಜ. ಸುರಪಾಲನ ವೃಕ್ಷಾಯುರ್ವೇದದ ಹಸ್ತಪ್ರತಿ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿತ್ತು. ವೈ.ಎಲ್. ನೆನೆ ಎಂಬ ಸಸ್ಯರೋಗ ವಿಜ್ಞಾನಿ ಅದರ ಪ್ರತಿ ತರಿಸಿ 1996ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಕನ್ನಡದಲ್ಲೇ ಚಾಳುಕ್ಯರ ಕಾಲದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದದ ಅಧ್ಯಾಯವೇ ಇದೆ. ಓದಿ, ಚೆನ್ನಾಗಿದೆ. ಆದರೆ ಅಲ್ಲಿ ಗಿಡಕ್ಕೂ ವಾತ, ಪಿತ್ತ, ಕಫ ಎಂದು ರೋಗ ಹೇಳುತ್ತಾರೆ. ಮೆಕ್ಕೆಜೋಳ, ಟೊಮೆಟೊ, ಮೆಣಸಿನಕಾಯಿ ಅವರು ಕಂಡೇ ಇರಲಿಲ್ಲ. ಹಾಗಾಗಿ ಎಲ್ಲಕ್ಕೂ ಮದ್ದಿದೆ ಎನ್ನುವುದು ಭಾಷಣಕ್ಕಷ್ಟೇ ಸರಿ. ನೀವು ವಿದ್ಯಾರ್ಥಿ, ಒಂದು ಸೂತ್ರ ಹಿಡಿದು ಪ್ರಯೋಗಕ್ಕಿಳಿಸಿ.

ಆ ಗ್ರಂಥಗಳಲ್ಲಿ ವಾಯುವಿಡಂಗ ಎಂಬ ಕಾಡುಬಳ್ಳಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅದನ್ನು ಘಟ್ಟದ ಕಾಡಿನಿಂದ ಮೂಟೆಗಟ್ಟಲೆ ತಂದು ಹೊಲಕ್ಕೆ ಸುರಿಯುವ ಯೋಚನೆ ಮಾತ್ರ ಬೇಡ. ಮನುಷ್ಯರ ಔಷಧಿಗೇ ಅದು ಅಪರೂಪವಾಗುತ್ತಿದೆ. ಕಡಿದಷ್ಟೂ ಚಿಗುರುವ ಲಕ್ಕಿ, ಹೊಂಗೆ, ಬೇಡವೆಂದರೂ ಬರುವ ಎಕ್ಕ, ಇವುಗಳಿಗೆ ಮೊದಲು ಕೆಲಸ ಕೊಡಿ.

ಬೇವಿನ ಪೇಟೆಂಟ್ ಕಥೆಯನ್ನೂ ಓದಿಕೊಳ್ಳಿ. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನ ತಮ್ಮದೆಂದು ಅಮೆರಿಕದ ಕೃಷಿ ಇಲಾಖೆ ಮತ್ತು ಗ್ರೇಸ್ ಕಂಪನಿ 1994ರಲ್ಲಿ ಯುರೋಪಿನಲ್ಲಿ ಹಕ್ಕು ಪಡೆದಿದ್ದವು. ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತಿತರರು ಎದುರಿಸಿ 2000ರಲ್ಲಿ ಅದನ್ನು ರದ್ದು ಮಾಡಿಸಿದರು, ಮೇಲ್ಮನವಿಯೂ 2005ರಲ್ಲಿ ಬಿತ್ತು. ಬೇವಿನ ಬೀಜಕ್ಕಾಗಿ ಆ ಗ್ರೇಸ್ ಕಂಪನಿಯ ಪಾಲಿದ್ದ ಕಾರ್ಖಾನೆ ಬಂದದ್ದು ನಮ್ಮ ತುಮಕೂರಿಗೇ.

ಪ್ರ: ಅಂಗಡಿಯಲ್ಲಿ 'ಗಿಡಮೂಲಿಕೆ ಅರ್ಕ' ಎಂದು ಮಾರುವ ಬಾಟಲಿ ಹೊಡೆದರೆ ಒಂದೇ ಗಂಟೆಯಲ್ಲಿ ಹುಳು ಉದುರುತ್ತದೆ. ಮನೆಯಲ್ಲಿ ಅಂಥದ್ದು ಮಾಡಲು ಸಾಧ್ಯವೇ? (ರಾಣೆಬೆನ್ನೂರಿನಿಂದ)

ಸಾಧ್ಯವಿಲ್ಲ, ಆ ಬಾಟಲಿಯವರಿಂದಲೂ ಬರೀ ಗಿಡಮೂಲಿಕೆಯಿಂದ ಸಾಧ್ಯವಾಗಿರಲಿಕ್ಕಿಲ್ಲ. ಒಂದು ಗಂಟೆಗೆ ಹುಳು ಉದುರಿದರೆ ಒಳಗೆ ಬೇರೆ ಏನೋ ಇದೆ ಎಂದು ಅನುಮಾನಿಸಿ. ಬೇವಿನ ಕೀಟನಾಶಕವಾದರೆ ಚೀಟಿಯಲ್ಲಿ ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಎಂದು ಇರಬೇಕು, 300, 1500, 10000 ಹೀಗೆ. ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ ಇರಬೇಕು. ಬರೀ ಎಲೆಯ ಚಿತ್ರ, ಋಷಿಯ ಚಿತ್ರ ಇದ್ದರೆ ವಾಪಸು ಕೊಡಿ, ರಸೀದಿ ಇಟ್ಟುಕೊಳ್ಳಿ.

ಪ್ರ: ತಾರಸಿಯಲ್ಲಿ ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳು. (ಬೆಂಗಳೂರು, ಜಯನಗರದಿಂದ)

ಹಿಟ್ಟುತಿಗಣೆ. ಮೊದಲು ಪೈಪಿನ ನೀರನ್ನು ಜೋರಾಗಿ ಹಾಯಿಸಿ ಉದುರಿಸಿ. ಮೇಣದ ಹೊದಿಕೆ ಇರುವುದರಿಂದ ಸಾಬೂನು ನೀರಿಲ್ಲದೆ ಬೇವಿನೆಣ್ಣೆ ತಾಗುವುದಿಲ್ಲ. ಕುಂಡದ ಸುತ್ತ ಇರುವೆ ಸಾಲು ಇದ್ದರೆ ಅದನ್ನು ತಪ್ಪಿಸಿ, ತಿಗಣೆಯನ್ನು ಹೊತ್ತು ತಿರುಗಿಸುವುದು ಅವೇ.

ಪ್ರ: ಮೆಂತ್ಯ, ಕೊತ್ತಂಬರಿಗೆ ಕಷಾಯ ಹೊಡೆದ ಎಷ್ಟು ದಿನಕ್ಕೆ ಕಿತ್ತು ಸಂತೆಗೆ ಒಯ್ಯಬಹುದು? (ಚನ್ನರಾಯಪಟ್ಟಣದಿಂದ)

ಬೇವಿನ ಬೀಜದ ಕಷಾಯ ಹೊಡೆದರೆ ನಾನು ಒಂದು ವಾರ ಸೊಪ್ಪು ಮುಟ್ಟುವುದಿಲ್ಲ. ವಿಷದ ಭಯಕ್ಕಿಂತ ಕಹಿಯ ಭಯ, ಒಮ್ಮೆ ಕಹಿ ತಿಂದ ಗಿರಾಕಿ ಮುಂದಿನ ಸಂತೆಗೆ ನಿಮ್ಮ ಗುಡ್ಡೆ ಹತ್ತಿರ ಸುಳಿಯುವುದಿಲ್ಲ. ಸಗಣಿ ಹಾಕಿದ ಯಾವ ಕಷಾಯವನ್ನೂ ಕೊತ್ತಂಬರಿಯ ಎಲೆಗೆ ಹೊಡೆಯಬೇಡಿ. ಜನ ಅದನ್ನು ಹಸಿಯಾಗೇ ಕೋಸಂಬರಿಗೆ ಉದುರಿಸುತ್ತಾರೆ, ಸಗಣಿಯ ರೋಗಾಣು ಸೀದಾ ತಟ್ಟೆಗೆ ಹೋಗುತ್ತದೆ. ಅದನ್ನು ಬಿತ್ತನೆಗೆ ಮುಂಚೆ ಮಣ್ಣಿಗೆ ಕೊಡಿ. ಮೂವತ್ತು ದಿನದ ಮೆಂತ್ಯಕ್ಕೆ ಇಪ್ಪತ್ತೈದನೇ ದಿನ ಹುಳು ಕಂಡರೆ ಏನೂ ಹೊಡೆಯದೆ ಕಿತ್ತು ಮಾರುವುದೇ ಸರಿ, ಎಲೆಯಲ್ಲಿ ಎರಡು ತೂತಿದ್ದರೆ ಕೊಳ್ಳುವವರಿಗೆ ಧೈರ್ಯವಾಗಿ ತೋರಿಸಿ.